ಅವ್ವನಮಗನ ದಿಬ್ಬ

ಊರಿನ ಬಡಗಣ ದಿಕ್ಕಿಗೆ, ಎರೆಹೊಲಗಳ ನಡುವೆ ಒಂದು ದಿಬ್ಬವಿದೆ. ಅದರ ನೆತ್ತಿಯ ಮೇಲೊಂದು ವೀರಗಲ್ಲು. ಕೆಳಗೆ ದನಗಳ ಸಾಲು, ನಡುವೆ ಕತ್ತಿ ಹಿರಿದ ವೀರ, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಹೆಸರಿರಬೇಕಾದ ಕಡೆ ಮಾತ್ರ ಅಂಗೈಯಗಲದ ಗುಳಿ. ಇದನ್ನು ಅವ್ವನಮಗನ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಮಾಚವ್ವೆಯೆಂಬ ವಿಧವೆಯಿದ್ದಳು. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋದ ಅವಳ ಹಿರಿಯ ಮಗ ಹೆಣವಾಗಿ ಮರಳಿದ. ಹೆತ್ತವಳು ಕಲ್ಲಿನ ಮೇಲಿನ ಹೆಸರಿಗೆ ತನ್ನ ಬೆರಳಿಂದ ಅರಿಸಿನ ತುಂಬಿದರೆ ಮಾತ್ರ ಸತ್ತವನಿಗೆ ವೀರಸ್ವರ್ಗ ಎಂಬುದು ಆ ಸೀಮೆಯ ಕಟ್ಟಳೆ. ಮಾಚವ್ವೆಗೆ ಓದು ಬಾರದು. ಅವಳಿಗೆ ಬೇಕಿದ್ದುದು ಮಗನಿಗೊಂದು ದಾರಿ. ಆದರೆ ಆ ಹೆಸರಿನಲ್ಲಿ ೞ ಎಂಬ ಹಳೆಯ ಅಕ್ಷರವಿತ್ತಂತೆ. ಅದು ಜನರ ನಾಲಿಗೆಯಿಂದ ಉದುರಿ ತಲೆಮಾರೇ ಕಳೆದಿತ್ತು, ಆಡುವಾಗ ಎಲ್ಲರೂ ಳ ಎನ್ನುತ್ತಿದ್ದರು. ಆಡಿದಂತೆಯೇ ಬರೆಯೋಣವೆಂದು ಕಿರಿಯ ಮಗ ಬೀಚನೂ ಅವನ ಗೆಳೆಯರೂ ಕಲ್ಲುಕುಟಿಗ ದೇಮೋಜನಿಂದ ಳ ಕೆತ್ತಿಸಿದರು. ಮಾಚವ್ವೆಯ ಅಣ್ಣ ಮಾರಗಾವುಂಡನಿಗೆ ಮೈಯೆಲ್ಲ ಉರಿಯಿತು. ಅದು ಅವನಿಗೆ ತಂದೆ ಕಿವಿ ಹಿಂಡಿ ಕಲಿಸಿದ ಅಕ್ಷರ. ಬಿಟ್ಟುಕೊಟ್ಟರೆ ಅಪ್ಪನನ್ನು ಇನ್ನೊಮ್ಮೆ ಮಣ್ಣು ಮಾಡಿದಂತೆ.

ಕಲ್ಲು ನಿಲ್ಲಿಸುವ ದಿನ ಮಾಚವ್ವೆ ಮೊದಲ ಅಕ್ಷರಕ್ಕೆ ಅರಿಸಿನ ತುಂಬಿ ಎರಡನೆಯದಕ್ಕೆ ಬೆರಳಿಟ್ಟಳು. ಗಾವುಂಡ ಅವಳ ಮುಂಗೈ ಹಿಡಿದ.

"ತಪ್ಪು ಅಕ್ಷರಕ್ಕ ಅರಿಷಿಣ ಹಚ್ಚಬ್ಯಾಡ, ತಂಗಿ. ಮ್ಯಾಲಿರೋ ಹಿರ್ಯಾರು ಇಂವನ್ನ ಗುರುತು ಹಿಡಿಯಂಗಿಲ್ಲ."

"ಅವ್ವನ ಕೈ ಬಿಡು, ಮಾವಾ!" ಎಂದು ಬೀಚ ನುಗ್ಗಿದ.

ಗಾವುಂಡ ಬಿಡಲಿಲ್ಲ. ಬೀಚ ಅವನ ಎದೆಗೆ ಒದ್ದ. ಬೀಚನ ಗೆಳೆಯರವೂ ಗಾವುಂಡನ ಕಡೆಯವರವೂ ಕತ್ತಿಗಳು ಒರೆ ಬಿಟ್ಟವು. ಒಂದೇ ಪಂಕ್ತಿಯಲ್ಲಿ ಉಂಡವರು ಒಬ್ಬರನ್ನೊಬ್ಬರು ಕುರಿ ಕಡಿದಂತೆ ಕಡಿದರು. ಅಡ್ಡ ಬಂದ ದೇಮೋಜನ ಬಲಗೈ ತುಂಡಾಗಿ ಬಿತ್ತು. ಬೀಚನ ಕುತ್ತಿಗೆಗೆ ಬಿದ್ದದ್ದು ಸೋದರಮಾವನದೇ ಏಟು. ನೆತ್ತರು ಅರಿಸಿನದ ಬಟ್ಟಲಿಗೆ ಸಿಡಿಯಿತು. ದನಗಳ್ಳರು ಕೊಂದದ್ದು ಒಬ್ಬನನ್ನು. ಈ ಹಾಳು ಅಕ್ಷರ ಊರಿನ ಅರ್ಧ ಗಂಡಸರನ್ನು ನುಂಗಿತು ಎನ್ನುತ್ತಾರೆ.

ಮಾಚವ್ವೆ ಅಳಲಿಲ್ಲ. ದೇಮೋಜನ ಉಳಿ, ಸುತ್ತಿಗೆ ಎತ್ತಿಕೊಂಡು ಹಿರಿಮಗನ ಹೆಸರನ್ನೇ ಒಡೆಯತೊಡಗಿದಳು. ಬದುಕುಳಿದವರು ಕತ್ತಿ ಕೆಳಗಿಟ್ಟು ನೋಡುತ್ತ ನಿಂತರು. ಹೆಸರು ಓದಲಾಗದಂತೆ ಪುಡಿಯಾದ ಮೇಲೆ, ನೆತ್ತರು ಬೆರೆತ ಅರಿಸಿನವನ್ನು ಆ ಗುಳಿಗೆ ಮೆತ್ತಿ ಅಣ್ಣನತ್ತ ತಿರುಗಿದಳು.

"ಇಂವ ಅವ್ವನ ಮಗ. ಅಲ್ಲಿ ಬಿದ್ದಾನಲ್ಲ, ಅಂವನೂ ಅವ್ವನ ಮಗ. ತಪ್ಪಿದ್ರ ಹೇಳು, ತಿದ್ದತೀನಿ."



ಈಗಲೂ ಗುಳಿಯ ಅಂಚಿನಲ್ಲಿ ಅರ್ಧ ಒಡೆದ ಗೆರೆಯೊಂದು ಕಾಣುತ್ತದೆ. ಅದು ಹಳೆಯ ಅಕ್ಷರದ್ದೋ ಹೊಸದರದ್ದೋ ಎಂದು ನೋಡಲು ಬಂದ ವಿದ್ವಾಂಸರು ದನಿಯೇರಿಸಿದರೆ ಊರ ಹೆಂಗಸರು ಅರಿಸಿನದ ಬಟ್ಟಲನ್ನು ಅವರ ಮುಂದೆ ಹಿಡಿಯುತ್ತಾರೆ. ಬಂದವರು ಎರಡು ಬೆರಳು ಅದ್ದಿ ಗುಳಿಗೆ ಹಚ್ಚಬೇಕು, ಒಬ್ಬೊಬ್ಬ ಮಗನಿಗೆ ಒಂದೊಂದು.