ಮುದ್ರೆ ತೋರಿಸಿದ ದಳಪತಿ

ಮೇಜಿನ ಮೇಲೆ ಗೊಂಬೆ ಸೈನ್ಯ ನಿಲ್ಲಿಸಿ ಆಡುವ ‘ಮಂಗಳ ಗ್ರಹದ ಯುದ್ಧ’ದಾಟ ಅರ್ಧಕ್ಕೆ ಬಂದಿತ್ತು. ನೀಲಿ ಪಡೆಯ ದಳಪತಿ ಹೆಸರಾಂತ ಕಂಪನಿಯ ದುಬಾರಿ ಗೊಂಬೆ. ಅವನ ಸಿಪಾಯಿಗಳೆಲ್ಲ ಯಾವುದೋ ಸಣ್ಣ ಕಾರ್ಖಾನೆಯ ಅಗ್ಗದ ಪ್ಲಾಸ್ಟಿಕ್ಕಿನವರು. ಒಡೆಯ ವಾದಿರಾಜ ಎಲ್ಲರಿಗೂ ಒಂದೇ ನೀಲಿ ಬಣ್ಣ ಬಳಿದದ್ದಕ್ಕೆ ದಳಪತಿಗೆ ಮೈಯೆಲ್ಲ ಉರಿ.

ಆಟಗಾರರಿಬ್ಬರೂ ಕಾಫಿಗೆ ಎದ್ದುಹೋದದ್ದೇ ತಡ, ಅವನು ಗುಡುಗಿದ: "ದೂರ ನಿಲ್ಲಿ! ನೋಡಿದವರು ನನ್ನನ್ನೂ ನಿಮ್ಮ ಪೈಕಿಯೇ ಅಂದುಕೊಂಡಾರು."

"ಅದೇ ನಮ್ಮ ಚಿಂತೆಯೂ ಪ್ರಭು. ತಮ್ಮ ಗುರುತು ಹಿಡಿಯುವುದು ಹೇಗೆ?" ಎಂದು ಪಕ್ಕದ ಸಿಪಾಯಿ ವಿನಯದಿಂದ ಕೇಳಿದ.

"ನನ್ನ ಪಾದದಡಿ ಕಂಪನಿಯ ಮುದ್ರೆ ಇದೆ."

"ಪಾದದಡಿ ಇದೆ ಅಂತ ನಾವೂ ಹೇಳಬಹುದಲ್ಲ?"

ದಳಪತಿಗೆ ರೇಗಿಹೋಯಿತು. ಮೈ ಓಲಾಡಿಸಿ ದೊಪ್ಪನೆ ಅಡ್ಡಬಿದ್ದು, ಮುದ್ರೆ ಎಲ್ಲರಿಗೂ ಕಾಣುವಂತೆ ಕಾಲು ಚಾಚಿದ. ಸಿಪಾಯಿಗಳು "ಆಹಾ!" ಎಂದರೇ ಹೊರತು ಒಬ್ಬನೂ ಅವನನ್ನು ಎತ್ತಲು ಬರಲಿಲ್ಲ.

ಆ ಆಟದಲ್ಲಿ ಅಡ್ಡಬಿದ್ದವನು ಸತ್ತ ಲೆಕ್ಕ. ಕಾಫಿ ಮುಗಿಸಿ ಬಂದ ಎದುರಾಳಿ, "ನಿನ್ನ ದಳಪತಿ ಹೋದನಲ್ಲೋ!" ಎಂದು ಅವನನ್ನೆತ್ತಿ ಸತ್ತವರ ಡಬ್ಬಿಗೆ ಹಾಕಿದ. "ಯಾವಾಗ ಸತ್ತ?" ಎಂದು ತಲೆ ಕೆರೆದುಕೊಂಡ ವಾದಿರಾಜ, ಪಕ್ಕದ ಸಿಪಾಯಿಯನ್ನೇ ಅವನ ಜಾಗಕ್ಕೆ ಸರಿಸಿದ.

"ಮುದ್ರೆ ನೋಡಿ! ನನ್ನ ಮುದ್ರೆ ನೋಡಿ!" ಎಂದು ದಳಪತಿ ಡಬ್ಬಿಯೊಳಗಿಂದ ಅರಚಿದ.

"ನೋಡುತ್ತಲೇ ಇದ್ದೇನೆ ಸ್ವಾಮಿ," ಎಂದ ಮೊದಲೇ ಸತ್ತು ತಳದಲ್ಲಿ ಮಲಗಿದ್ದ ಅಗ್ಗದ ಸಿಪಾಯಿ. "ಬಹಳ ಚೆನ್ನಾಗಿದೆ. ನನ್ನ ಮೂಗಿನ ಮೇಲೇ ಇದೆ, ಸ್ವಲ್ಪ ಸರಿದು ಮಲಗಿ."