ಗೆರೆಯ ಈಚೆ ನಿಂತ ಜೋಸೆಟ್

ಕೆರಿಬಿಯನ್ ಕಡಲಿನಲ್ಲಿ ಸಂತ ಓಡಿಲ್ ಅಂತ ಒಂದು ದ್ವೀಪ. ಎಷ್ಟು ಚಿಕ್ಕದೆಂದರೆ, ಅಲ್ಲಿಯವರು ನಿದ್ದೆಯಲ್ಲಿ ಮಗ್ಗುಲು ಬದಲಿಸಬೇಕಾದರೂ ಪಕ್ಕದ ಮನೆಯವರಿಗೆ ಹೇಳಿ ಬದಲಿಸಬೇಕು. ಇಲ್ಲದಿದ್ದರೆ ಆ ತುದಿಯಲ್ಲಿ ಯಾರೋ ಒಬ್ಬರು ಕಡಲಿಗೆ ಉರುಳುತ್ತಾರೆ.

ಭೂಪಟದಲ್ಲಿ ಹುಡುಕಬೇಡಿ. ಬರೆದವನ ಪೆನ್ಸಿಲ್ಲಿನ ಮೊನೆ ದ್ವೀಪಕ್ಕಿಂತ ದಪ್ಪವಾಗಿತ್ತು.

ಅಂಥ ದ್ವೀಪಕ್ಕೂ ಒಂದು ರಾಷ್ಟ್ರೀಯ ತಂಡವಿತ್ತು. ಹೆಂಗಸರ ನೆಟ್‌ಬಾಲ್ ತಂಡ. ಅದರ ಗುರು ಯೂಲಾಲಿ ಎಂಬ ಮುದುಕಿ. ಆಶ್ರಮವೆಂದರೆ ಕಡಲ ದಂಡೆಯ ಒಂದು ಸಿಮೆಂಟ್ ಅಂಗಳ. ಎರಡು ತುದಿಗೆ ಎರಡು ಕಂಬ, ಕಂಬದ ತಲೆಗೊಂದು ಕಬ್ಬಿಣದ ಬಳೆ.

ಚೆಂಡು ಬಳೆಯೊಳಗೆ ಬಿದ್ದರೆ ಗೋಲು. ಅಂಗಳಕ್ಕೆ ಎರಡು ಅಡ್ಡಗೆರೆ, ಮೂರು ಭಾಗ. ಆಡುವವರಲ್ಲಿ ಯಾರು ಎಲ್ಲಿ ಓಡಾಡಬಹುದು ಎಂಬುದಕ್ಕೆ ಕಟ್ಟುನಿಟ್ಟಿದೆ. ಗೋಲ್‌ಕೀಪರ್ ತನ್ನ ಬಳೆಯಿರುವ ಭಾಗ ಬಿಟ್ಟು ಗೆರೆ ದಾಟಿದಳೋ, ಸೀಟಿ ಊದುತ್ತಾರೆ. ಚೆಂಡು ಎದುರಾಳಿಗೆ ಹೋಗುತ್ತದೆ.

ತಂಡದ ಚರಿತ್ರೆ ಬಹಳ ದೊಡ್ಡದು. ಪಕ್ಕದ ದೊಡ್ಡ ದ್ವೀಪದ ಎದುರು ಅಜ್ಜಿಯರು ಸೋತರು. ಅಮ್ಮಂದಿರು ಸೋತರು. ಅಕ್ಕಂದಿರು ಸೋತರು. ಗೆದ್ದದ್ದು ಒಂದೇ ಸಲ, ಚಂಡಮಾರುತ ಬಂದ ವರ್ಷ. ಆ ಸಲ ದೊಡ್ಡ ದ್ವೀಪದವರ ಹಡಗೇ ಬಂದಿರಲಿಲ್ಲ. ಆಗ ಸಿಕ್ಕ ಕಪ್ಪನ್ನು ಉಜ್ಜಿ ಉಜ್ಜಿ ಈಗ ಲೋಟದಷ್ಟು ಮಾಡಿದ್ದಾರೆ.

ಹೀಗೆ ಸೋತು ಸೋತು, ಹೆದರುವುದರಲ್ಲಿ ಅವರನ್ನು ಮೀರಿಸಿದವರು ಮೂರು ಲೋಕದಲ್ಲಿ ಇಲ್ಲ. ಬೇರೆ ದೇಶದವರು ಪಂದ್ಯದ ದಿನ ಹೆದರುತ್ತಾರೆ. ಇವರು ಒಂದು ವರ್ಷ ಮುಂಚೆಯೇ ಅಭ್ಯಾಸ ಶುರುಮಾಡುತ್ತಿದ್ದರು.

ಅವರಲ್ಲೆಲ್ಲ ಹೆಚ್ಚು ಹೆದರಿದವಳು ಗೋಲ್‌ಕೀಪರ್ ಜೋಸೆಟ್. ಅದಕ್ಕೆ ಕಾರಣವಿತ್ತು.

ಹೋದ ವರ್ಷ, ದೊಡ್ಡ ದ್ವೀಪದ ಎದುರು, ಕೊನೆಯ ಗಳಿಗೆಯಲ್ಲಿ ಎರಡೂ ತಂಡ ಸಮಸಮ. ಗೆದ್ದವರು ವಿಶ್ವಕಪ್ಪಿಗೆ. ಚೆಂಡು ಚಿಕ್ಕ ದ್ವೀಪದವರ ಕೈಯಲ್ಲಿ, ದೂರದ ತುದಿಯಲ್ಲಿ. ಗೋಲು ಹಾಕುವ ಹುಡುಗಿ ವರ್ನೀಸ್ ಬಳೆಯ ಕೆಳಗೆ ಕೈ ಚಾಚಿ ನಿಂತಿದ್ದಾಳೆ.

ಆಗ ಈ ತುದಿಯಿಂದ ಜೋಸೆಟ್ ಓಡಿದಳು. ಗೆರೆ ದಾಟಿ ಓಡಿದಳು.

ಸೀಟಿ. ಚೆಂಡು ಅವರಿಗೆ. ಅವರು ಎಸೆದಾಗ ಬಳೆ ಕಾಯಬೇಕಾದವಳು ಅಂಗಳದ ನಡುವೆ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಗೋಲು.

ಈ ವರ್ಷ ಮತ್ತೆ ಅದೇ ಪಂದ್ಯ. ಅದೇ ವಿಶ್ವಕಪ್ಪು. ನಾಳೆ.

ಜೋಸೆಟ್ ತನ್ನ ಆಟದ ಅಂಗಿಯನ್ನು ಮಡಿಚಿ ತಂದು ಗುರುವಿನ ಮುಂದೆ ಇಟ್ಟಳು.

“ನಾಳೆ ಬೇರೆ ಯಾರನ್ನಾದರೂ ನಿಲ್ಲಿಸಿ, ಮಿಸ್ ಯೂಲಾಲಿ.”

“ಯಾಕೆ? ಅಂಗಿ ಬಿಗಿಯಾಯ್ತಾ?”

“ಹೆದರಿಕೆ.”

“ಸೋಲ್ತೀವಿ ಅಂತಾನಾ? ಅದು ಎಲ್ಲರಿಗೂ ಇದೆ. ಅದನ್ನ ನಾವು ಹಂಚಿಕೊಂಡು ತಿಂತೀವಿ. ನಿನ್ನದೇ ಆದದ್ದು ಯಾವುದು, ಅದನ್ನ ಹೇಳು.”

ಜೋಸೆಟ್ ಮಡಿಚಿದ ಅಂಗಿಯನ್ನೇ ಇನ್ನೊಂದು ಸಲ ಮಡಿಚಿದಳು.

“ಚೆಂಡು ನನ್ನ ಹತ್ತಿರ ಬಂದರೆ ಹೆದರಿಕೆಯಿಲ್ಲ. ಆಚೆ ತುದಿಗೆ ಹೋಗುತ್ತಲ್ಲ, ಆಗ. ವರ್ನೀಸ್ ಕೈ ನಡುಗಿದರೆ? ಅವಳು ತಪ್ಪಿದರೆ? ನಾನು ಇಲ್ಲಿ ಕಂಬದ ಹಾಗೆ ನಿಂತು ನೋಡಬೇಕು. ಆಗ ನನ್ನ ಕಾಲು ನನ್ನ ಮಾತು ಕೇಳಲ್ಲ, ಮಿಸ್ ಯೂಲಾಲಿ. ತಾನಾಗೇ ಓಡುತ್ತೆ.”

“ಓಡಿ ಹೋಗಿ ಏನು ಮಾಡುತ್ತೆ?”

“ಗೊತ್ತಿಲ್ಲ.”

“ಬಾ,” ಎಂದು ಗುರು ಎದ್ದಳು.

ಇಬ್ಬರೂ ಕಡಲ ದಂಡೆಗೆ ಬಂದರು. ಸಂಜೆಯ ಬಿಸಿಲಿತ್ತು. ಅಲೆಗಳು ಒಂದರ ಹೆಗಲ ಮೇಲೊಂದು ಹತ್ತಿ ಬರುತ್ತಿದ್ದವು. ಗುರು ಹಿಮ್ಮಡಿಯಿಂದ ಒದ್ದೆ ಮರಳಿನ ಮೇಲೆ ಒಂದು ಗೆರೆ ಎಳೆದಳು. ಚಪ್ಪಲಿ ಬಿಚ್ಚಿ ಶಿಷ್ಯೆಯ ಪಕ್ಕದಲ್ಲಿ ಇಟ್ಟಳು.

“ಇದನ್ನ ನೋಡಿಕೊ. ಹೊಸದು. ನಾನು ಬರೋವರೆಗೂ ಗೆರೆ ದಾಟಬೇಡ.”

“ಎಲ್ಲಿಗೆ ಹೋಗ್ತೀರಿ?”

ಗುರು ಕಡಲಿನೊಳಗೆ ನಡೆದಳು. ಬೆಸ್ತರ ಮಗಳು. ಆದರೂ ಎಪ್ಪತ್ತು ದಾಟಿದ ಮೈ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಆಮೇಲೆ ಈಜಿದಳು. ಬಿಳಿಕೂದಲ ತಲೆ ಒಂದು ತೆಂಗಿನಕಾಯಿಯ ಹಾಗೆ ತೇಲುತ್ತ ದೂರ ದೂರ ಹೋಯಿತು.

ಒಂದು ಅಲೆ ಎದ್ದಿತು. ತಲೆ ಕಾಣಲಿಲ್ಲ.

ಜೋಸೆಟ್ ನಡುಗಿದಳು. ಆ ನಡುಕವನ್ನು ಏನೆಂದು ಹೇಳಲಿ. ದಂಡೆಯ ಏಡಿಗಳೆಲ್ಲ ಭೂಕಂಪವೆಂದು ತಿಳಿದು ಬಿಲದಿಂದ ಹೊರಗೆ ಬಂದವು.

ತಲೆ ಮತ್ತೆ ಮೇಲೆದ್ದಿತು. ಅದರ ಹಿಂದೆ ಇನ್ನೊಂದು ಅಲೆ, ಮೊದಲಿನದಕ್ಕಿಂತ ಎತ್ತರ.

“ಮಿಸ್ ಯೂಲಾಲಿ! ಅಲೆ! ಎಡಕ್ಕೆ! ಎಡಕ್ಕೆ!”

ತಲೆ ದಡದ ಕಡೆ ತಿರುಗಿತು. ಅಲೆ ಅದರ ಮೇಲೆ ಮುರಿದು ಬಿತ್ತು.

ಗುರು ಕೆಮ್ಮುತ್ತ, ಉಗಿಯುತ್ತ ವಾಪಸ್ಸು ಬಂದಳು. ಮೂಗಿನಿಂದ ಉಪ್ಪುನೀರು ಇಳಿಯುತ್ತಿತ್ತು.

“ಮೊದಲನೇ ಅಲೆ ನನಗೇನೂ ಮಾಡಲಿಲ್ಲ,” ಎಂದಳು. “ಎರಡನೇದೂ ಏನೂ ಮಾಡ್ತಿರಲಿಲ್ಲ. ಯಾರೋ ಕರೆದರು ಅಂತ ತಿರುಗಿದೆ. ಅರ್ಧ ಕಡಲು ಕುಡಿದೆ.”

“ತಪ್ಪಾಯ್ತು.”

“ಇನ್ನರ್ಧ ಹಾಗೇ ಇದೆ. ಮತ್ತೆ ಹೋಗ್ತೀನಿ.”

“ಬೇಡಿ, ಮಿಸ್ ಯೂಲಾಲಿ! ಅಲೆ ಜೋರಾಗ್ತಿದೆ.”

ಗುರು ಆಗಲೇ ನೀರಿನಲ್ಲಿದ್ದಳು.

ಈ ಸಲ ಜೋಸೆಟ್ ಕೂಗಲಿಲ್ಲ. ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಅಲೆ ಬಂತು, ಹೋಯಿತು. ತಲೆ ಕಂಡಿತು. ಇನ್ನೊಂದು ಬಂತು, ಹೋಯಿತು. ತಲೆ ಕಾಣಲಿಲ್ಲ.

ಕಾದಳು. ಕಾಣಲಿಲ್ಲ.

ನೀರು ಬೆಳ್ಳಗೆ ಕುದಿಯುತ್ತಿತ್ತು. ಎಲ್ಲಿ ನೋಡಿದರೂ ನೊರೆ.

ಕಾಲು ಓಡಿತು.

ಗೆರೆ ದಾಟಿತು, ಮರಳು ದಾಟಿತು, ನೀರಿಗೆ ಬಿತ್ತು. ಜೋಸೆಟ್‌ಗೆ ಈಜು ಅಷ್ಟಾಗಿ ಬರುತ್ತಿರಲಿಲ್ಲ. ಆರಡಿ ಎತ್ತರವಿದ್ದವಳು, ಕಾಲಿಗೆ ನೆಲ ಸಿಗುವಷ್ಟು ದೂರ ನಡೆದೇ ಅಭ್ಯಾಸ. ನೆಲ ಸಿಗಲಿಲ್ಲ. ಒಂದು ಅಲೆ ಎತ್ತಿತು, ಇನ್ನೊಂದು ಒತ್ತಿತು. ಕಣ್ಣೊಳಗೆ ಹಸಿರು ಕತ್ತಲೆ. ಇದೇ ಕೊನೆ ಎಂದುಕೊಂಡಳು.

ಯಾರೋ ಕತ್ತುಪಟ್ಟಿ ಹಿಡಿದು ಎಳೆದರು.

ಗುರುವಿನ ಒಂದು ಕೈ ಶಿಷ್ಯೆಯ ಕಾಲರಿನಲ್ಲಿತ್ತು. ಇನ್ನೊಂದು ಕೈ ನಿಧಾನವಾಗಿ ಈಜುತ್ತಿತ್ತು.

“ಈಗ ಕಡಲಿನಲ್ಲಿ ಎಷ್ಟು ಜನ ಇದ್ದೀವಿ?” ಎಂದು ಕೇಳಿದಳು ಗುರು.

“ಇ... ಇಬ್ಬರು.”

“ದಡದಲ್ಲಿ ಯಾರಿದ್ದಾರೆ?”

ಜೋಸೆಟ್ ಉರಿಯುವ ಕಣ್ಣು ಬಿಟ್ಟು ನೋಡಿದಳು. ದಡದಲ್ಲಿ ಒಂದು ಮೇಕೆ ನಿಂತಿತ್ತು. ಗುರುವಿನ ಎಡಗಾಲಿನ ಚಪ್ಪಲಿ ತಿಂದು ಮುಗಿಸಿ ಬಲಗಾಲಿನದಕ್ಕೆ ಬಾಯಿ ಹಾಕಿತ್ತು.

ಗುರು ಬರಿಗಾಲಿನಲ್ಲಿ ಮನೆಗೆ ಹೊರಟಳು. ಜೋಸೆಟ್ ಹಿಂದೆ ಹಿಂದೆ ನಡೆದಳು. ಹಲ್ಲು ಕಟಕಟ ಅನ್ನುತ್ತಿತ್ತು.

“ನಾಳೆ ಮತ್ತೆ ಕಾಲು ಓಡಿಬಿಟ್ಟರೆ?”

“ಓಡಬಹುದು.”

“ನಾನು ಹೆದರದೆ ಇರೋದು ಹೇಗೆ?”

“ಅದು ಗೊತ್ತಿದ್ದರೆ ನಾನು ಆಡೋವಾಗಲೇ ಮಾಡ್ತಿದ್ದೆ. ನನ್ನ ಮಂಡಿ ನಡುಗೋ ಸದ್ದಿಗೆ ಗುಡುಗು ಅಂದುಕೊಂಡು ಅಂಪೈರ್ ಒಂದು ಸಲ ಆಟ ನಿಲ್ಲಿಸಿದ್ದರು. ಹೋಗಿ ಮಲಗು. ಅಂಗಿ ಅಲ್ಲೇ ಬಿಟ್ಟು ಬಂದಿದ್ದೀಯ, ತೊಗೊಂಡು ಹೋಗು.”

ಮರುದಿನ ಇಡೀ ದ್ವೀಪ ಅಂಗಳದ ಸುತ್ತ ನಿಂತಿತ್ತು. ಆ ಭಾರಕ್ಕೆ ದ್ವೀಪದ ಆಚೆ ತುದಿ ನೀರಿನಿಂದ ಒಂದು ಗೇಣು ಮೇಲೆದ್ದಿತ್ತು ಎಂದು ಹೇಳುತ್ತಾರೆ. ನಾನು ಅಳೆದಿಲ್ಲ.

ದೊಡ್ಡ ದ್ವೀಪದವರ ಕಡೆ ಗೋಲು ಹಾಕುವವಳು ಎಂಥ ಹೆಂಗಸೆಂದರೆ, ಅವಳು ಕೈ ಎತ್ತಿದರೆ ಮೋಡ ಪಕ್ಕಕ್ಕೆ ಸರಿಯಬೇಕು. ಅವಳನ್ನು ಕಾಯುವುದೇ ಜೋಸೆಟ್‌ಳ ಕೆಲಸ. ಆಟವಿಡೀ ಕಾದಳು. ಕೆಲವು ಚೆಂಡು ತಡೆದಳು, ಕೆಲವು ಬಿಟ್ಟಳು.

ಕೊನೆಯ ಗಳಿಗೆ ಬಂತು. ಎರಡೂ ತಂಡ ಸಮಸಮ.

ಚೆಂಡು ಆಚೆ ತುದಿಯಲ್ಲಿ. ವರ್ನೀಸ್ ಕೈಗೆ ಸೇರಿತು.

ಅವಳ ಮೊಣಕೈ ನಡುಗುತ್ತಿರುವುದು ಈ ತುದಿಯಿಂದಲೇ ಜೋಸೆಟ್‌ಗೆ ಕಂಡಿತು.

ಕಾಲು ಓಡಿತು. ಗೆರೆಯವರೆಗೆ ಓಡಿತು. ಹೆಬ್ಬೆರಳಿಗೂ ಗೆರೆಗೂ ನಡುವೆ ಒಂದು ಇರುವೆ ಹೋಗುವಷ್ಟು ಜಾಗ. ಹೋದ ವರ್ಷ ನೋಡಿದವರೆಲ್ಲ ಅಲ್ಲಿದ್ದರು.

ಜೋಸೆಟ್ ಬಾಯಿ ತೆರೆದಳು. ಮುಚ್ಚಿದಳು.

ಆಮೇಲೆ, ಆ ದ್ವೀಪದಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಚೆಂಡಿಗೆ ಬೆನ್ನು ತಿರುಗಿಸಿದಳು. ಮೈಯೆಲ್ಲ ನಡುಗುತ್ತಿದ್ದಂತೆಯೇ ನಡೆದು ಬಂದು ಆ ಎತ್ತರದ ಹೆಂಗಸಿನ ಪಕ್ಕದಲ್ಲಿ ನಿಂತಳು.

“ಏನಮ್ಮಾ, ನೋಡೋಕೆ ಧೈರ್ಯ ಇಲ್ವಾ?” ಎಂದಳು ಆ ಹೆಂಗಸು.

“ಇಲ್ಲ,” ಎಂದಳು ಜೋಸೆಟ್.

ಆಚೆ ತುದಿಯಲ್ಲಿ ವರ್ನೀಸ್ ಎಸೆದಳು. ಚೆಂಡು ಬಳೆಯ ಅಂಚಿನ ಮೇಲೆ ಸುತ್ತಿತು, ಸುತ್ತಿತು, ಹೊರಗೆ ಬಿತ್ತು.

ಎದುರಾಳಿಗಳ ಕೈಗೆ ಸಿಕ್ಕಿತು. ಒಂದು ಎಸೆತಕ್ಕೆ ಅಂಗಳದ ನಡುವೆ. ಇನ್ನೊಂದು ಎಸೆತಕ್ಕೆ ಈ ತುದಿಗೆ, ಎತ್ತರದಲ್ಲಿ, ಆ ಹೆಂಗಸಿನ ಚಾಚಿದ ಕೈಗೆ ನೇರವಾಗಿ.

ಅಲ್ಲಿ ಜೋಸೆಟ್ ಇದ್ದಳು. ಹಾರಿದಳು. ಬೆರಳ ತುದಿ ತಾಗಿತು. ಚೆಂಡು ಅವಳದಾಯಿತು.

ಎಸೆದಳು. ಅದು ಕೈಯಿಂದ ಕೈಗೆ ಹಾರಿ ಮತ್ತೆ ಆಚೆ ತುದಿಗೆ ಹೋಯಿತು. ಮತ್ತೆ ವರ್ನೀಸ್ ಕೈಗೇ. ಜೋಸೆಟ್ ಅದಕ್ಕೆ ಬೆನ್ನು ತಿರುಗಿಸಿ ಇದ್ದಲ್ಲೇ ನಿಂತಳು. ಕಣ್ಣೆದುರು ಇದ್ದದ್ದು ಅವಳ ಕಂಬ, ಅವಳ ಬಳೆ, ಬಳೆಯೊಳಗಿನ ಖಾಲಿ ಆಕಾಶ.

ತೆಂಗಿನಮರಗಳೂ ಅಲುಗಲಿಲ್ಲ.

ಆಮೇಲೆ ಎದ್ದ ಕೂಗಿಗೆ ದೊಡ್ಡ ದ್ವೀಪದ ಕೋಳಿಗಳು ಒಂದು ವಾರ ಮೊಟ್ಟೆ ಇಡಲಿಲ್ಲ.

ಜನ ವರ್ನೀಸ್‌ಳನ್ನು ಹೊತ್ತು ಕುಣಿದರು. ಜೋಸೆಟ್ ಗುರು ಕೂತ ಬೆಂಚಿನ ಹತ್ತಿರ ಬಂದಳು.

“ಆ ಗೋಲು ನಾನು ನೋಡಲಿಲ್ಲ, ಮಿಸ್ ಯೂಲಾಲಿ. ಚೆನ್ನಾಗಿತ್ತಾ?”

“ನಾನೂ ನೋಡಲಿಲ್ಲ.”

“ನೀವೂನಾ? ಮತ್ತೆ ಎಲ್ಲಿ ನೋಡ್ತಿದ್ದಿರಿ?”

 ಗುರು ಬಲಗೈಯನ್ನು ಸೆರಗಿನಲ್ಲಿ ಅಡಗಿಸುವ ಹಾಗೆ ಅಂಗಿಯ ಮಡಿಕೆಯೊಳಗೆ ಸೇರಿಸಿದಳು. ಜೋಸೆಟ್ ಅದನ್ನು ಹಿಡಿದು ಹೊರಗೆ ಎಳೆದಳು. ಅಂಗೈಯ ಅಂಚಿನಲ್ಲಿ ಹಲ್ಲಿನ ಗುರುತು, ಸಾಲಾಗಿ, ರಕ್ತ ಜಿನುಗುವಷ್ಟು ಆಳ.

“ಅಯ್ಯೋ! ಇದೇನು?”

“ನಿನ್ನ ಕಾಲು ಗೆರೆ ಹತ್ತಿರ ಬಂತಲ್ಲ, ಮಗೂ. ಆಗ ನನ್ನ ಬಾಯಿ ಮುಚ್ಚೋಕೆ ಬೇರೇನೂ ಸಿಗಲಿಲ್ಲ.”