ಸಕ್ಕರೆ ತುಂಬಿದ ತೊಟ್ಟಿ

ಶಿಷ್ಯ ಅಮರೇಶ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ನಾನು ಮಠಕ್ಕೆ ಬಂದು ಒಂಬತ್ತು ವರ್ಷವಾಯಿತು. ಮೊದಮೊದಲು ಓದಿದ್ದೆಲ್ಲ ತಲೆಗೆ ಹತ್ತುತ್ತಿತ್ತು. ಈಗ ಹಗಲಿಡೀ ಓದುತ್ತೇನೆ, ಒಂದಕ್ಷರವೂ ಒಳಗಿಳಿಯುವುದಿಲ್ಲ. ನನ್ನ ಬುದ್ಧಿ ಸವೆದುಹೋಯಿತೇ?"

ಗುರುಗಳು ಅವನ ಕೈಲಿದ್ದ ಪುಸ್ತಕ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಸೀಮೆಯಲ್ಲಿ ಭತ್ತ ಕೊಯ್ದ ಮೇಲೆ ರೈತರು ಹುಲ್ಲಿಗೆ ಬೆಂಕಿ ಇಡುತ್ತಿದ್ದರು. ವಾರಗಟ್ಟಲೆ ಹೊಗೆ. ಊರಿಗೆ ಊರೇ ಕೆಮ್ಮುತ್ತಿತ್ತು. ವ್ಯಾಪಾರಿ ಮೂರು ಊರಿನ ರೈತರನ್ನು ಸೇರಿಸಿ, "ಈ ಸಲ ಸುಡಬೇಡಿ. ಹುಲ್ಲು ನನಗೆ ಕೊಡಿ. ಅದರಿಂದ ಎಂಜಿನ್ ಓಡಿಸುವ ಎಥೆನಾಲ್ ತೆಗೆಯುತ್ತೇನೆ" ಎಂದ. ರೈತರು ನಂಬಿದರು. ಅವನ ಅಂಗಳದಲ್ಲಿ ಗುಡ್ಡದಂಥ ಬಣವೆಗಳು ಎದ್ದವು.

ಕೆಲಸದ ಹೊಣೆ ಹೊತ್ತವಳು ಹಂಪಮ್ಮ. ಆ ಊರುಗಳ ರೈತನೊಬ್ಬನ ಮಗಳು, ರಸಾಯನಶಾಸ್ತ್ರ ಓದಿದವಳು. ಹುಲ್ಲಿನ ನಾರೂ ಸಕ್ಕರೆಯೇ, ಆದರೆ ಕೊಂಡಿಗೆ ಕೊಂಡಿ ಸೇರಿ ಬಿಗಿದುಕೊಂಡ ಸಕ್ಕರೆ. ಆ ಕೊಂಡಿ ಬಿಡಿಸಲು ಕಿಣ್ವ ಬೇಕು. ಬೂಷ್ಟು ಬೆಳೆಸಿ ಅದರಿಂದ ಕಿಣ್ವ ತೆಗೆಯುವುದು ಅವಳಿಗೆ ಗೊತ್ತಿತ್ತು. ಬಿಡಿಸಿದ ಸಕ್ಕರೆಯನ್ನು ಇನ್ನೊಂದು ತೊಟ್ಟಿಯಲ್ಲಿ ಯೀಸ್ಟಿಗೆ ಉಣಿಸಿದರೆ ಎಥೆನಾಲ್.

ಹಂಪಮ್ಮ ಹುಲ್ಲನ್ನು ಕತ್ತರಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಾಗಿಟ್ಟ ತೊಟ್ಟಿಗೆ ತುಂಬಿ ಕಿಣ್ವ ಸುರಿದಳು. ಮೊದಲ ದಿನ ಸಕ್ಕರೆ ಭರದಿಂದ ಏರಿತು. ಎಲ್ಲರೂ ಹಿಗ್ಗಿದರು. ಎರಡನೆಯ ದಿನ ಏರಿಕೆ ಕುಂಟಿತು. ಮೂರನೆಯ ದಿನ ನಿಂತಿತು. ಹುಲ್ಲು ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ಇನ್ನಷ್ಟು ಕಿಣ್ವ ಸುರಿದಳು. ಸ್ವಲ್ಪ ಏರಿ ಮತ್ತೆ ನಿಂತಿತು. ಹೊಸ ಕಿಣ್ವ ಮಾಡಿದಳು. ಅದೂ ಅಷ್ಟೇ. ಏಳು ಸಲ ತೊಟ್ಟಿ ತುಂಬಿದಳು, ಏಳು ಸಲವೂ ಸೋತಳು.

ಅಷ್ಟರಲ್ಲಿ ಮುಂದಿನ ಭತ್ತ ತೆನೆ ಬಿಟ್ಟಿತು. ವ್ಯಾಪಾರಿ ಬಂದು, "ನಿನ್ನ ಕಿಣ್ವದಲ್ಲಿ ಜೀವ ಇಲ್ಲಮ್ಮ. ಈ ವಾರ ನೋಡುತ್ತೇನೆ. ಆಮೇಲೆ ರೈತರಿಗೆ ಕೈಮುಗಿದು ಬಾಗಿಲು ಹಾಕುತ್ತೇನೆ" ಎಂದ.

ಹಂಪಮ್ಮ ನಿಂತುಹೋದ ತೊಟ್ಟಿಯಿಂದ ಒಂದು ಬೊಗಸೆ ಹುಲ್ಲು ತೆಗೆದಳು. ಹುಲ್ಲೇ ಕೆಟ್ಟಿದೆಯೋ ಏನೋ ನೋಡೋಣವೆಂದು ಚೆನ್ನಾಗಿ ತೊಳೆದು, ಬೆಚ್ಚನೆಯ ಬರೀ ನೀರಿನಲ್ಲಿ ನೆನೆಯಿಟ್ಟಳು. ಮರುದಿನ ಆ ನೀರನ್ನು ಪರೀಕ್ಷಿಸಿದಳು. ಸಕ್ಕರೆ ಇತ್ತು! ಹೊಸದಾಗಿ ಒಂದು ಹನಿ ಕಿಣ್ವವನ್ನೂ ಅವಳು ಹಾಕಿರಲಿಲ್ಲ. ಮತ್ತೆ ತೊಳೆದು ನೆನೆಯಿಟ್ಟಳು. ಮತ್ತೆ ಸಕ್ಕರೆ.

ವ್ಯಾಪಾರಿಯ ಬಳಿಗೆ ಓಡಿದಳು. "ಕಿಣ್ವ ಸತ್ತಿಲ್ಲ ಸಾಹುಕಾರರೇ! ಹುಲ್ಲಿಗೆ ಅಂಟಿಕೊಂಡೇ ಇದೆ. ತಾನು ಬಿಡಿಸಿದ ಸಕ್ಕರೆಯೇ ಸುತ್ತ ತುಂಬಿ ಅದರ ಕೈ ಕಟ್ಟಿಹಾಕಿದೆ. ಯೀಸ್ಟನ್ನು ಇದೇ ತೊಟ್ಟಿಗೆ ಬಿಡೋಣ. ಸಕ್ಕರೆ ಬಿಟ್ಟಂತೆ ಅದು ತಿನ್ನುತ್ತಾ ಹೋಗಲಿ."

"ಈ ತೊಟ್ಟಿಯ ಬಿಸಿಗೆ ಯೀಸ್ಟ್ ಸಾಯುತ್ತದೆ. ಬಿಸಿ ಇಳಿಸಿದರೆ ಕಿಣ್ವ ನಿಧಾನವಾಗುತ್ತದೆ."

"ನಿಧಾನವಾಗಲಿ. ನಿಲ್ಲುವುದಿಲ್ಲವಲ್ಲ!"

ಎಂಟನೆಯ ಸಲ ತೊಟ್ಟಿ ತುಂಬಿತು. ಬಿಸಿ ಇಳಿಸಿ, ಕಿಣ್ವದ ಜೊತೆಗೇ ಯೀಸ್ಟನ್ನೂ ಬಿಟ್ಟರು. ಮೊದಲ ದಿನ ಸಣ್ಣಗೆ ನೊರೆ ಎದ್ದಿತು. ಮೂರನೆಯ ದಿನ ಎಲ್ಲರೂ ತೊಟ್ಟಿಯ ಸುತ್ತ ನಿಂತರು. ಗುಳ್ಳೆ ಏಳುತ್ತಲೇ ಇತ್ತು. ನಾಲ್ಕನೆಯ ದಿನವೂ ಎದ್ದಿತು. ಐದನೆಯ ದಿನ ನೋಡಿದರೆ ತೊಟ್ಟಿಯಲ್ಲಿ ಹುಲ್ಲು ಎನ್ನುವಂಥದ್ದು ಉಳಿದಿರಲಿಲ್ಲ, ತಳದಲ್ಲಿ ಒಂದಿಷ್ಟು ಕಂದು ಕೆಸರು ಮಾತ್ರ.

ಬಟ್ಟಿ ಇಳಿಸಿದ ಎಥೆನಾಲ್ ತಿಳಿನೀರಿನಂತಿತ್ತು. ಅದಕ್ಕೆಂದೇ ಹೊಂದಿಸಿದ ಪಂಪಿನ ಎಂಜಿನ್ನನ್ನು ಕಾಲುವೆಯ ದಂಡೆಗೆ ತಂದರು. ಮೂರೂ ಊರಿನವರು ನೆರೆದಿದ್ದರು. ಹಂಪಮ್ಮ ಹಗ್ಗ ಎಳೆದಳು. ಮೊದಲ ಎಳೆತಕ್ಕೇ ಎಂಜಿನ್ ಶುರುವಾಯಿತು. ಕಾಲುವೆಯ ನೀರು ಧುಮುಧುಮು ಗದ್ದೆಗೆ ಬಿತ್ತು. ಜನ ಕೇಕೆ ಹಾಕಿದರು. ಅವಳ ಅಪ್ಪ ಗದ್ದೆಗಿಳಿದು, ಆ ನೀರನ್ನು ಬೊಗಸೆಯಲ್ಲಿ ಹಿಡಿದು ಮಗಳ ಮೇಲೆ ಎರಚಿ ನಕ್ಕ.

ಆ ಕೊಯ್ಲಿನಲ್ಲಿ ಮೂರು ಊರಿನ ಯಾವ ಗದ್ದೆಯಲ್ಲೂ ಹೊಗೆ ಏಳಲಿಲ್ಲ.

ಗುರುಗಳು ಕಥೆ ಮುಗಿಸಿದರು. ಅಮರೇಶ ಕೇಳಿದ: "ಹಾಗಾದರೆ ನಾನು ಇಲ್ಲಿಯವರೆಗೆ ಕಲಿತದ್ದನ್ನೆಲ್ಲ ಮರೆಯಬೇಕೇ ಗುರುಗಳೇ?"

"ಮರೆಯಬೇಡ. ನಾಳೆ ಬೆಳಗಿನ ಪಾಠ ಹೊಸ ಶಿಷ್ಯರಿಗೆ ನೀನು ಹೇಳಿಕೊಡು."